ದೊರೆಸಾನಿ ಕೂರದ ತೊಡೆ

ತಕ್ಕಡಿ ಸಾಹೇಬರ ಮನೆಯಲ್ಲಿ ಜಾರಿಯಲ್ಲಿದ್ದ ಕಾನೂನು ಒಂದೇ ಒಂದು. ಬೆಕ್ಕು ಯಾರ ತೊಡೆಯ ಮೇಲೆ ಕೂತಿದೆಯೋ ಅವರು ಏಳುವಂತಿಲ್ಲ, ಅವರನ್ನು ಯಾರೂ ಏಳಿಸುವಂತಿಲ್ಲ. ಒಲೆಯ ಮೇಲೆ ಹಾಲು ಉಕ್ಕಲಿ, ಹೊರಗೆ ಯಾರಾದರೂ ಬೆಲ್ಲು ಒತ್ತಿ ಒತ್ತಿ ಬೆರಳು ಸವೆಸಿಕೊಳ್ಳಲಿ, ಬಚ್ಚಲಲ್ಲಿ ನಲ್ಲಿ ಕಿತ್ತುಕೊಂಡು ಮನೆಯೇ ತೇಲಿಹೋಗಲಿ, "ಬೆಕ್ಕು ಕೂತಿದೆ" ಎಂದು ಒಂದು ಮಾತು ಹೇಳಿಬಿಟ್ಟರೆ ಮುಗಿಯಿತು. ತೊಡೆ ಖಾಲಿ ಇದ್ದವರು ಎದ್ದು ಹೋಗಿ ನೋಡಿಕೊಳ್ಳಬೇಕು. ಮನೆಯಲ್ಲಿದ್ದದ್ದು ನಾಲ್ಕು ಜನರ ತೊಡೆ. ಅದರಲ್ಲಿ ಸದಾ ಖಾಲಿ ಇರುತ್ತಿದ್ದದ್ದು ಸಾಹೇಬರದು.

ಕಾನೂನು ತಂದವರು ಅತ್ತೆ, ಅಂದರೆ ಸಾಹೇಬರ ಹೆಂಡತಿಯ ತಾಯಿ. ಆರು ವರ್ಷದ ಹಿಂದೆ "ಮಂಡಿ ನೋವು, ಹದಿನೈದು ದಿನ ಇದ್ದು ಹೋಗ್ತೀನಿ" ಎಂದು ಬಂದವರು. ಅವರು ಬಂದ ಮೂರನೆಯ ದಿನ ಮೆಟ್ಟಿಲ ಕೆಳಗೆ ನಡುಗುತ್ತಿದ್ದ ಬೂದು ಬಣ್ಣದ ಮರಿಯೊಂದನ್ನು ಸಾಹೇಬರೇ ತಮ್ಮ ಕರವಸ್ತ್ರದಲ್ಲಿ ಸುತ್ತಿಕೊಂಡು ಮನೆಗೆ ತಂದರು. ಮರಿ ಕರವಸ್ತ್ರದಿಂದ ಇಳಿಯಿತು, ಮನೆಯನ್ನೆಲ್ಲ ಒಂದು ಸುತ್ತು ತನಿಖೆ ಮಾಡಿತು, ನೇರವಾಗಿ ಹೋಗಿ ಅತ್ತೆಯ ತೊಡೆ ಹತ್ತಿ ಮಲಗಿತು. ಅದೇ ಹೊತ್ತಿಗೆ ಅಡಿಗೆಮನೆಯಿಂದ ಹೆಂಡತಿ, "ಅಮ್ಮಾ, ಸ್ವಲ್ಪ ತರಕಾರಿ ಹೆಚ್ಚಿಕೊಡ್ತೀಯಾ?" ಎಂದು ಕೇಳಿದಳು. "ಹೇಗೆ ಏಳ್ಲಿ ಹೇಳು, ಬೆಕ್ಕು ಕೂತಿದೆ" ಎಂದರು ಅತ್ತೆ. ಅವತ್ತು ತರಕಾರಿ ಹೆಚ್ಚಿದವರು ಸಾಹೇಬರು. ಮರಿಗೆ ದೊರೆಸಾನಿ ಎಂದು ಹೆಸರಾಯಿತು, ಮಾತು ಕಾನೂನಾಯಿತು, ಹದಿನೈದು ದಿನದ ಸುದ್ದಿಯನ್ನು ಆಮೇಲೆ ಯಾರೂ ಎತ್ತಲಿಲ್ಲ.

ಕಾಲ ಕಳೆದಂತೆ ಕಾನೂನಿಗೆ ತಿದ್ದುಪಡಿಗಳೂ ಸೇರಿಕೊಂಡವು. ಬೆಕ್ಕು ಈಗ ತಾನೇ ಎದ್ದು ಹೋಗಿದ್ದು ತೊಡೆ ಇನ್ನೂ ಬೆಚ್ಚಗಿದ್ದರೆ ಅದೂ ಕೂತ ಹಾಗೆಯೇ, ಎಂಬುದು ಹೆಂಡತಿ ತಂದ ತಿದ್ದುಪಡಿ. ಅವಳು ಶಾಲೆಯಲ್ಲಿ ಟೀಚರು, ದೊರೆಸಾನಿಯ ಬೆನ್ನ ಮೇಲೆಯೇ ಉತ್ತರಪತ್ರಿಕೆ ಇಟ್ಟುಕೊಂಡು ತಿದ್ದುತ್ತಿದ್ದಳು. "ಬೆಕ್ಕು ದೂರದಿಂದ ನನ್ನನ್ನೇ ನೋಡ್ತಿದೆ, ಬರೋ ಯೋಚನೇಲಿದೆ, ಈಗ ಎದ್ರೆ ಅದಕ್ಕೆ ಬೇಜಾರಾಗುತ್ತೆ" ಎಂಬುದು ಕಾಲೇಜಿಗೆ ಹೋಗುವ ಮಗಳ ತಿದ್ದುಪಡಿ. ಸಾಹೇಬರೂ ಒಮ್ಮೆ, ಬೆಕ್ಕಿಗೆ ಊಟ ಹಾಕಿದವರಿಗೆ ಐದು ನಿಮಿಷ ಕೂರುವ ಹಕ್ಕು ಕೊಡಬೇಕು ಎಂದು ಒಂದು ತಿದ್ದುಪಡಿ ಮುಂದಿಟ್ಟರು. ಅದನ್ನು ಮಂಡಿಸುವಾಗ ಅವರು ನಿಂತಿದ್ದರಿಂದ, "ಹೇಗೂ ನಿಂತಿದ್ದೀರಲ್ಲ ಅಳಿಯಂದಿರೇ, ಹಾಗೇ ಒಂದು ಲೋಟ ನೀರು ತಂದುಬಿಡಿ" ಎಂದರು ಅತ್ತೆ.

ದೊರೆಸಾನಿಗೆ ಊಟ ಹಾಕುವವರು ಸಾಹೇಬರು. ಅದರ ಕಕ್ಕಸಿನ ಮಣ್ಣಿನ ತೊಟ್ಟಿ ಬಳಿಯುವವರು, ಮೈ ಬಾಚುವವರು, ಬಾಗಿಲ ಮುಂದೆ ಕೂಗಿದಾಗ ಓಡಿ ಹೋಗಿ ತೆರೆದು, ಅದು ಹೊಸ್ತಿಲ ಮೇಲೆ ನಿಂತು ಹೋಗಲೋ ಬೇಡವೋ ಎಂದು ಹತ್ತು ನಿಮಿಷ ಯೋಚಿಸುವ ತನಕ ಬಾಗಿಲು ಹಿಡಿದುಕೊಂಡು ಕಾಯುವವರು ಎಲ್ಲ ಅವರೇ. ಅದು ಸಾಹೇಬರ ಬೂಟಿನ ಮೇಲೆ ಕೂರುತ್ತಿತ್ತು. ಅವರ ಆಫೀಸಿನ ಚೀಲದ ಮೇಲೆ, ಇಸ್ತ್ರಿ ಮಾಡಿದ ಅಂಗಿಯ ಮೇಲೆ, ಓದುತ್ತಿದ್ದ ಪತ್ರಿಕೆಯಲ್ಲಿ ಸರಿಯಾಗಿ ಓದುತ್ತಿದ್ದ ಸಾಲಿನ ಮೇಲೆ ಕೂರುತ್ತಿತ್ತು. ಅವರ ಲೋಟವನ್ನು ಮೇಜಿನ ಅಂಚಿಗೆ ತಳ್ಳಿ, ಅವರ ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತ, ಇನ್ನೂ ಒಂದಿಷ್ಟು ತಳ್ಳುತ್ತಿತ್ತು. ತೊಡೆಯ ಮೇಲೆ ಮಾತ್ರ ಆರು ವರ್ಷದಲ್ಲಿ ಒಂದು ಸಲವೂ ಕೂತಿರಲಿಲ್ಲ.

ಮನೆಯಲ್ಲಿ ಹೀಗೆ, ಆಫೀಸಿನಲ್ಲಿ ಹೇಗೆ ಎಂದು ಕೇಳಿದರೆ ಅಲ್ಲೂ ಹಾಗೇ. ಸಾಹೇಬರು ತೂಕ ಮತ್ತು ಅಳತೆ ಇಲಾಖೆಯಲ್ಲಿ ಇನ್ಸ್‌ಪೆಕ್ಟರು. ತೂಕದ ಬೊಟ್ಟುಗಳ ಪೆಟ್ಟಿಗೆ ಹಿಡಿದುಕೊಂಡು ಅಂಗಡಿ ಅಂಗಡಿ ಅಲೆದು, ತಕ್ಕಡಿ ಸರಿಯಾಗಿದೆಯೇ ಎಂದು ನೋಡಿ ಮುದ್ರೆ ಒತ್ತುವ ಕೆಲಸ. ಇಪ್ಪತ್ತೆರಡು ವರ್ಷ ನಿಂತೇ ಮಾಡಿದ ಕೆಲಸ. ಹಿಮ್ಮಡಿ ಸೀಳಿತ್ತು, ಮೀನಖಂಡದಲ್ಲಿ ನರಗಳು ಹಗ್ಗದ ಹಾಗೆ ಉಬ್ಬಿದ್ದವು. ಡಾಕ್ಟರು, "ನಿಲ್ಲೋದು ಕಡಿಮೆ ಮಾಡಿ" ಎಂದು ಚೀಟಿಯಲ್ಲಿ ಬರೆದೇ ಕೊಟ್ಟಿದ್ದರು. ಆ ಚೀಟಿಯನ್ನೂ ಸಾಹೇಬರು ನಿಂತುಕೊಂಡೇ ಓದಿದ್ದರು.

ಇಡೀ ಇಲಾಖೆಯಲ್ಲಿ ಕೂರುವ ಕೆಲಸ ಎಂದರೆ ಒಂದೇ. ಮಹಡಿಯ ಮೇಲೆ ಸೂಕ್ಷ್ಮ ತಕ್ಕಡಿ ಕೊಠಡಿ. ಊರಿನ ಬೊಟ್ಟುಗಳನ್ನೆಲ್ಲ ಯಾವುದರ ಜೊತೆ ಹೋಲಿಸುತ್ತಾರೋ ಆ ಮೂಲ ಬೊಟ್ಟುಗಳು ಅಲ್ಲಿವೆ. ಗಾಜಿನ ಪೆಟ್ಟಿಗೆಯೊಳಗೆ ಒಂದು ತಕ್ಕಡಿ, ಅದರ ಎದುರು ಮೆತ್ತೆ ಹಾಕಿದ ಒಂದು ಕುರ್ಚಿ. ಮುಳ್ಳು ಅಲ್ಲಾಡುವುದು ನಿಲ್ಲುವ ತನಕ ಕುರ್ಚಿಯಲ್ಲಿ ಕೂತವರು ಅಲ್ಲಾಡಬಾರದು, ಸೀನಬಾರದು, ನಿಟ್ಟುಸಿರು ಕೂಡ ಬಿಡಬಾರದು. ಆ ಕುರ್ಚಿಯವರು ತಿಂಗಳ ಕೊನೆಗೆ ನಿವೃತ್ತರಾಗುವವರಿದ್ದರು. ಅವರ ಜಾಗಕ್ಕೆ ಹೆಸರು ಸೂಚಿಸಬೇಕಾದವರು ಆಫೀಸಿನ ಮುಖ್ಯಸ್ಥೆ ದೊಡ್ಡ ಮೇಡಂ. ಸಾಹೇಬರು ಆ ಕುರ್ಚಿಯ ಮೇಲೆ ಕಣ್ಣಿಟ್ಟಿದ್ದು ಇವತ್ತು ನಿನ್ನೆಯಲ್ಲ. ಇನ್ನುಳಿದ ಮೂರು ವರ್ಷದ ನೌಕರಿಯನ್ನು ಕೂತು ಮುಗಿಸಬೇಕು, ಇದಿಷ್ಟೇ ಅವರು ಬದುಕಿನಿಂದ ಕೇಳುತ್ತಿದ್ದದ್ದು. ಆದರೆ ಅದೇ ಕುರ್ಚಿಯ ಮೇಲೆ ಗುಂಡುಸೂಜಿಯೂ ಕಣ್ಣಿಟ್ಟಿದ್ದ. ಗುಂಡುಸೂಜಿ ಎಂದರೆ ಅವರ ಜೊತೆಯ ಇನ್ಸ್‌ಪೆಕ್ಟರು. ಸಣ್ಣ ತಲೆ, ನೆಟ್ಟಗಿನ ಮೈ, ಎಲ್ಲಿ ಚುಚ್ಚಿದರೆ ಅಲ್ಲೇ ಇರುವ ಆಸಾಮಿ.

ಬುಧವಾರ ಚಹಾದ ಹೊತ್ತಿಗೆ ಗುಂಡುಸೂಜಿ ಎಲ್ಲರ ಎದುರು, "ಆ ಕೊಠಡಿಗೆ ಅಲ್ಲಾಡದೆ ಕೂರೋರು ಬೇಕಪ್ಪ. ನಮ್ಮ ಸಾಹೇಬರು ಒಂದು ನಿಮಿಷ ಕೂತಿದ್ದು ಯಾರಾದ್ರೂ ನೋಡಿದ್ದೀರಾ?" ಎಂದ. ಎಲ್ಲರೂ ಸಾಹೇಬರ ಕಡೆ ನೋಡಿದರು. ಸಾಹೇಬರು ಆಗಲೂ ನಿಂತಿದ್ದರು, ಕೈಯಲ್ಲಿ ಎಲ್ಲರ ಖಾಲಿ ಲೋಟಗಳಿದ್ದವು. ಅವರ ಮೈಯೆಲ್ಲ ಉರಿದುಹೋಯಿತು. ಅಲ್ಲೇ ನಾಲಿಗೆ ಜಾರಿತು.

"ನಾನು ಕೂರಲ್ವಾ? ಮನೇಲಿ ಬಂದು ನೋಡಿ! ನಮ್ಮ ಬೆಕ್ಕು ನನ್ನ ತೊಡೆ ಬಿಟ್ಟು ಬೇರೆಲ್ಲೂ ಕೂರಲ್ಲ. ಅದು ಬಂದು ಮಲಗಿತು ಅಂದ್ರೆ ಎರಡು ಗಂಟೆ, ಮೂರು ಗಂಟೆ, ನಾನು ಕಣ್ಣುರೆಪ್ಪೆ ಕೂಡ ಅಲ್ಲಾಡಿಸಲ್ಲ!"

"ಹೌದೇನ್ರೀ?" ಎಂದಿತು ಬಾಗಿಲಿಂದ ಒಂದು ದನಿ. ದೊಡ್ಡ ಮೇಡಂ ನಿಂತಿದ್ದರು. "ನಮ್ಮ ಮನೇಲಿ ಒಂಬತ್ತು ಬೆಕ್ಕು ಆಗಿಹೋದವು. ಬೆಕ್ಕು ಯಾರ ಮೇಲೆ ಅಂದ್ರೆ ಅವರ ಮೇಲೆ ಕೂರಲ್ಲ ರೀ. ಚಂಚಲ ಇರೋರ ಹತ್ರ ಸುಳಿಯೋದೇ ಇಲ್ಲ. ನಾವು ಮಾಡೋ ಯಾವ ಇಂಟರ್‌ವ್ಯೂಗಿಂತಲೂ ಬೆಕ್ಕಿನ ತೀರ್ಪು ವಾಸಿ. ಭಾನುವಾರ ಹತ್ತು ಗಂಟೆಗೆ ನಿಮ್ಮನೆಗೆ ಬರ್ತೀನಿ. ನೋಡಿಬಿಡೋಣ."

ಸಾಹೇಬರು ಖಾಲಿ ಲೋಟಗಳನ್ನು ತೊಳೆಯಲು ಹೊರಟುಬಿಟ್ಟರು.

ಸಂಜೆ ಮನೆಗೆ ಬಂದು ತಪ್ಪೊಪ್ಪಿಕೊಂಡಾಗ ದೊರೆಸಾನಿ ಅತ್ತೆಯ ತೊಡೆಯ ಮೇಲಿತ್ತು. ಹೆಂಡತಿ ಕೆಂಪು ಪೆನ್ನಿಗೆ ಮುಚ್ಚಳ ಹಾಕಿ ಗಂಡನನ್ನೇ ನೋಡಿದಳು.

"ಸುಳ್ಳು ಹೇಳೋದಾದ್ರೆ ನಡಿಯೋ ಸುಳ್ಳು ಹೇಳ್ಬೇಕು ರೀ. ನನಗೆ ಹಾರೋಕೆ ಬರುತ್ತೆ ಅಂದಿದ್ರೂ ಇದಕ್ಕಿಂತ ವಾಸಿಯಿತ್ತು."

"ಅಪ್ಪಾ, ಅದು ನಿನ್ನನ್ನ ಮನುಷ್ಯ ಅಂತಲೇ ಅಂದ್ಕೊಂಡಿಲ್ಲ. ಬಾಗಿಲು ತೆಗೆಯೋ ಯಂತ್ರ ಅಂದ್ಕೊಂಡಿದೆ" ಎಂದಳು ಮಗಳು.

ಅತ್ತೆ ಮಾತ್ರ ಗಂಭೀರವಾಗಿ ಯೋಚಿಸಿದರು. ಅಳಿಯನ ನೌಕರಿಯ ವಿಷಯ ಬಂದರೆ ಅವರು ಯಾವಾಗಲೂ ಗಂಭೀರ. "ಇದು ಕಷ್ಟದ್ದಲ್ಲ ಅಳಿಯಂದಿರೇ. ಮನೇಲಿ ನಿಮ್ಮ ತೊಡೆ ಬಿಟ್ಟು ಬೇರೆ ತೊಡೆಯೇ ಇರಬಾರದು. ಆಗ ಅದು ಎಲ್ಲಿಗೆ ಹೋಗುತ್ತೆ? ನಾಳೆಯಿಂದ ಯಾರೂ ಕೂರೋದು ಬೇಡ." ಇಷ್ಟು ಹೇಳಿ, ನಾಳೆಯಿಂದ ನಿಲ್ಲಬೇಕಲ್ಲ ಎಂದು ಅವತ್ತು ರಾತ್ರಿ ಊಟವನ್ನೂ ಕೂತಲ್ಲಿಗೇ ತರಿಸಿಕೊಂಡರು. ತಂದುಕೊಟ್ಟವರು ಯಾರು ಎಂದು ಹೇಳಬೇಕಾಗಿಲ್ಲ.

ಗುರುವಾರ ಸಂಜೆ ಎಲ್ಲರೂ ಬಂದು ಸೇರಿದ ಮೇಲೆ ಆ ಮನೆ ಬಸ್ ನಿಲ್ದಾಣದ ಹಾಗಿತ್ತು. ಹೆಂಡತಿ ಕಿಟಕಿಯ ಕಟ್ಟೆಯ ಮೇಲೆ ಉತ್ತರಪತ್ರಿಕೆ ಹರಡಿಕೊಂಡು ನಿಂತು ತಿದ್ದಿದಳು. ಅವತ್ತು ಅವಳ ತರಗತಿಯ ಅರ್ಧ ಮಕ್ಕಳು ನಪಾಸಾದರು. ಮಗಳು ಗೋಡೆಗೆ ಒರಗಿ ಓದಿದಳು. ಅತ್ತೆ ಕಪಾಟನ್ನು ಹಿಡಿದುಕೊಂಡು ನಿಂತು, "ಕೂತಿತಾ? ಇನ್ನೂ ಕೂತಿಲ್ವಾ?" ಎಂದು ಎರಡೆರಡು ನಿಮಿಷಕ್ಕೆ ಕೇಳುತ್ತಿದ್ದರು. ನಡುಮನೆಯ ನಟ್ಟ ನಡುವೆ ಒಂದೇ ಕುರ್ಚಿ, ಅದರಲ್ಲಿ ಸಾಹೇಬರು, ಮೊಣಕಾಲು ಜೋಡಿಸಿಕೊಂಡು, ಕ್ಷೌರಕ್ಕೆ ಕೂತವರ ಹಾಗೆ. ದೊರೆಸಾನಿ ಬಂತು. ಬೇರೆ ತೊಡೆಗಳಿಗಾಗಿ ಒಮ್ಮೆ ಸುತ್ತಲೂ ನೋಡಿತು. ಸಾಹೇಬರ ಬೂಟು ತಂದ ರಟ್ಟಿನ ಪೆಟ್ಟಿಗೆಯೊಂದು ಮೂಲೆಯಲ್ಲಿ ಬಿದ್ದಿತ್ತು. ತನ್ನ ಅರ್ಧ ಮೈಯೂ ಹಿಡಿಯದ ಆ ಪೆಟ್ಟಿಗೆಯೊಳಗೆ ಇಳಿದು, ಉಳಿದರ್ಧ ಮೈಯನ್ನು ಹೊರಗೆ ಚೆಲ್ಲಿಕೊಂಡು, ರಾತ್ರಿಯ ತನಕ ಮಲಗಿತು.

ಶುಕ್ರವಾರ ಎದುರು ಮನೆಯ ಟೈಲರು ಬಂದ. ಅವನಿಗೆ ಯಾರು ಹೇಳಿದರೋ ಗೊತ್ತಿಲ್ಲ, ಆ ಕಟ್ಟಡದಲ್ಲಿ ಗೋಡೆಗಳು ತೆಳ್ಳಗಿದ್ದವು. "ತಪ್ಪು ನಿಮ್ಮದಲ್ಲ ಸಾರ್, ಬಟ್ಟೇದು" ಎಂದ. "ಗರಿಗರಿ ಪ್ಯಾಂಟಿನ ಮೇಲೆ ಯಾವ ಪ್ರಾಣಿ ಕೂರುತ್ತೆ? ತೊಡೆಗೆ ಮಖಮಲ್ ಹಾಕಿಕೊಡ್ತೀನಿ. ಕೂತ ಅಳತೆ ಬೇಕು, ಸ್ವಲ್ಪ ಕೂತ್ಕೊಳ್ಳಿ." ಹೀಗೆ ಹೇಳಿ ಟೇಪು ಹಿಡಿದು ತೊಡೆಯ ಉದ್ದ, ಅಗಲ, ಎರಡು ತೊಡೆಗಳ ನಡುವಿನ ಕಣಿವೆ ಎಲ್ಲವನ್ನೂ ಅಳೆದು, "ಬೆಕ್ಕಿನ ಅಳತೇನೂ ಬೇಕಾಗುತ್ತೆ" ಎಂದು ದೊರೆಸಾನಿಯ ಹತ್ತಿರ ಹೋದ. ಟೇಪು ಎರಡು ತುಂಡಾಯಿತು. ಅಷ್ಟಾದರೂ ಹಟ ಬಿಡದೆ ಅವತ್ತು ರಾತ್ರಿಯೇ ಪ್ಯಾಂಟು ತಯಾರು ಮಾಡಿ ತಂದ. ಬೂದು ಬಣ್ಣದ ಪ್ಯಾಂಟು, ತೊಡೆಯ ಮೇಲೆ ಎರಡು ಕಡುಗೆಂಪು ಮಖಮಲ್ ತೇಪೆ. ಅದನ್ನು ಹಾಕಿಕೊಂಡ ಸಾಹೇಬರನ್ನು ನೋಡಿ ಮಗಳು ಮುಖ ಮುಚ್ಚಿಕೊಂಡು ಕೋಣೆಗೆ ಓಡಿಹೋದಳು.

ಶನಿವಾರ ಸಾಹೇಬರು ತಮ್ಮದೇ ಬುದ್ಧಿ ಓಡಿಸಿದರು. ಅದಕ್ಕಿಂತ ಟೈಲರನ ಬುದ್ಧಿಯೇ ಎಷ್ಟೋ ಮೇಲಿತ್ತು. ಒಣಮೀನನ್ನು ನುಣ್ಣಗೆ ಪುಡಿ ಮಾಡಿ ಬೆಳಿಗ್ಗೆಯೇ ಮಖಮಲ್ಲಿಗೆ ಚೆನ್ನಾಗಿ ತಿಕ್ಕಿಕೊಂಡರು. ದೊರೆಸಾನಿ ದೂರದಿಂದಲೇ ಮೂಗು ಅರಳಿಸಿ, ಇದು ಮನುಷ್ಯರ ಕೆಲಸವೇ ಎಂಬಂತೆ ನೋಡಿ, ಕಪಾಟಿನ ತುದಿಗೆ ಹತ್ತಿ ಕೂತುಬಿಟ್ಟಿತು. ಅಷ್ಟರಲ್ಲಿ ಕೆಲಸಕ್ಕೆ ಹೊತ್ತಾಯಿತು, ಪ್ಯಾಂಟು ಬದಲಿಸಲು ಪುರುಸೊತ್ತಾಗಲಿಲ್ಲ. ಮೇಲಂಗಿಯಿಂದ ತೇಪೆ ಮುಚ್ಚಿಕೊಂಡು ಸಾಹೇಬರು ಬೊಟ್ಟಿನ ಪೆಟ್ಟಿಗೆ ಹಿಡಿದು ಹೊರಟರು. ಮೊದಲ ತಿರುವಿನಲ್ಲಿ ಒಂದು ಬೆಕ್ಕು ಹಿಂದೆ ಬಿತ್ತು. ಮಾರುಕಟ್ಟೆ ತಲಪುವಾಗ ಏಳಾಗಿದ್ದವು.

ಸಾಹೇಬರು ಕಿರಾಣಿ ಅಂಗಡಿಯಲ್ಲಿ ತಕ್ಕಡಿಯ ಎದುರು ನಿಂತರೆ ಏಳೂ ಬೆಕ್ಕುಗಳು ಸಾಲಾಗಿ ಅವರ ಹಿಂದೆ ಕೂತು ಬಾಲ ಸುತ್ತಿಕೊಂಡು, ಅಂಗಡಿಯವನನ್ನೇ ನೋಡತೊಡಗಿದವು.

"ಸಾರ್," ಎಂದ ಅಂಗಡಿಯವನು ತಕ್ಕಡಿಯಿಂದ ಹಿಂದೆ ಸರಿದು, "ಇವು ಇಲಾಖೆಯವೇ?"

"ಹೂಂ" ಎಂದುಬಿಟ್ಟರು ಸಾಹೇಬರು.

ಸುದ್ದಿ ಕಾಡ್ಗಿಚ್ಚಿನ ಹಾಗೆ ಹಬ್ಬಿತು. ಮೋಸದ ತಕ್ಕಡಿಯನ್ನು ಮೂಸಿ ಹಿಡಿಯುವ ಬೆಕ್ಕಿನ ದಳ ಬಂದಿದೆ ಎಂದು ಮಧ್ಯಾಹ್ನದೊಳಗೆ ಮಾರುಕಟ್ಟೆಯ ಅರ್ಧ ಅಂಗಡಿಗಳ ಬಾಗಿಲು ಬಿದ್ದವು. ಇನ್ನರ್ಧದವರು ಮೂಲೆಯಲ್ಲಿ ಬಚ್ಚಿಟ್ಟಿದ್ದ ಕಳ್ಳ ಬೊಟ್ಟುಗಳನ್ನು ತಾವಾಗಿಯೇ ತಂದು ಸಾಹೇಬರ ಕಾಲ ಬಳಿ ಸುರಿದರು. ಇಪ್ಪತ್ತೆರಡು ವರ್ಷದಲ್ಲಿ ಸಾಹೇಬರು ಅಷ್ಟು ಕಳ್ಳ ಬೊಟ್ಟು ಹಿಡಿದದ್ದಿಲ್ಲ. ಆದರೆ ಅವತ್ತು ಅವರಿಗೆ ಅದರಿಂದ ಒಂದಿಷ್ಟೂ ಸಂತೋಷವಾಗಲಿಲ್ಲ. ಊರಿನ ಬೆಕ್ಕುಗಳೆಲ್ಲ ಹಿಂದೆ ಬಂದರೂ ಮನೆಯ ಬೆಕ್ಕು ಬರಲಿಲ್ಲವಲ್ಲ ಎಂದು ಅವರಿಗೆ ಅಳು ಬರುವ ಹಾಗಾಗಿತ್ತು.

ಭಾನುವಾರ ಹತ್ತಕ್ಕೆ ಸರಿಯಾಗಿ ಬೆಲ್ಲು ಹೊಡೆಯಿತು. ಮನೆ ಸಜ್ಜಾಗಿತ್ತು. ಹೆಂಡತಿ, ಮಗಳು, ಅತ್ತೆ ಮೂವರೂ ಗೋಡೆಗೆ ಬೆನ್ನು ಹಚ್ಚಿ ಸಾಲಾಗಿ ನಿಂತಿದ್ದರು. ಮಖಮಲ್ಲನ್ನು ಒಗೆದು ಒಣಗಿಸಿ ಬಾಚಣಿಗೆಯಿಂದ ಬಾಚಿದ್ದಾಗಿತ್ತು, ಆ ಪ್ಯಾಂಟು ತೊಟ್ಟು ಸಾಹೇಬರು ನಡುಮನೆಯ ಕುರ್ಚಿಯಲ್ಲಿ ಕೂತಿದ್ದರು. ದೊಡ್ಡ ಮೇಡಂ ಒಳಗೆ ಬಂದರು, ಎಲ್ಲರನ್ನೂ ನೋಡಿ ನಕ್ಕರು, "ಯಾಕೆ ಎಲ್ಲಾ ನಿಂತಿದ್ದೀರಿ?" ಎನ್ನುತ್ತ ಅವರಿಗಾಗಿ ಹಾಕಿದ್ದ ಕುರ್ಚಿಯಲ್ಲಿ ಕೂತರು. ಆಗ ಅತ್ತೆಯ ಮುಖ ಬಿಳಿಚಿಕೊಂಡಿತು. ಮೂರು ದಿನದಿಂದ ಮನೆಯಲ್ಲಿದ್ದ ತೊಡೆಗಳನ್ನೆಲ್ಲ ಇಲ್ಲವಾಗಿಸಿದ್ದರು. ಬರುವ ಅತಿಥಿ ತಮ್ಮ ಜೊತೆ ಒಂದು ತೊಡೆ ತರುತ್ತಾರೆ ಎಂಬುದು ಯಾರ ತಲೆಗೂ ಹೊಳೆದಿರಲಿಲ್ಲ.

ದೊರೆಸಾನಿ ಒಳಮನೆಯಿಂದ ನಿಧಾನವಾಗಿ ಬಂತು. ಸಾಹೇಬರ ಹತ್ತಿರ ಹೋಗಿ ನಿಂತಿತು. ಮುಂಗಾಲೆರಡನ್ನೂ ಎತ್ತಿ ಮಖಮಲ್ಲಿನ ಮೇಲಿಟ್ಟು ಹಿಟ್ಟು ನಾದುವ ಹಾಗೆ ಒಂದೆರಡು ಸಲ ನಾದಿತು. ಸಾಹೇಬರು ಉಸಿರು ಬಿಗಿಹಿಡಿದರು. ಹೆಂಡತಿ ಮಗಳ ಕೈ ಹಿಡಿದಳು. ದೊರೆಸಾನಿ ಉಗುರು ಚೂಪು ಮಾಡಿಕೊಂಡಾದ ಮೇಲೆ ಕೆಳಗಿಳಿದು, ತಿರುಗಿ, ಒಂದೇ ನೆಗೆತಕ್ಕೆ ದೊಡ್ಡ ಮೇಡಂ ತೊಡೆ ಹತ್ತಿ ಸುರುಳಿ ಸುತ್ತಿಕೊಂಡಿತು.

"ಅಯ್ಯೋ, ನನ್ನ ಹತ್ರಾನೇ ಬಂತಲ್ಲ" ಎಂದರು ಮೇಡಂ. "ಇರಲಿ, ಪರಿಚಯ ಆಗ್ಲಿ. ಆಮೇಲೆ ಅದೇ ಎದ್ದು ನಿಮ್ಮ ಹತ್ರ ಬರುತ್ತೆ."

ಅದು ಏಳಲಿಲ್ಲ. ಮೇಡಂ ಏಳಲು ಹೊರಟಾಗ ಅತ್ತೆ ಕೈಯಡ್ಡ ಹಿಡಿದು, "ಏಳಬೇಡಿ, ಏಳಬೇಡಿ! ನಮ್ಮನೇಲಿ ಹಾಗೆ ಏಳೋ ಹಾಗಿಲ್ಲ" ಎಂದು ಕಾನೂನನ್ನು ತಿದ್ದುಪಡಿಗಳ ಸಮೇತ ವಿವರಿಸಿದರು. ಒಂಬತ್ತು ಬೆಕ್ಕು ಸಾಕಿದವರಿಗೆ ಹೆಚ್ಚಿಗೆ ಹೇಳಬೇಕಾಗಲಿಲ್ಲ. "ಸರಿಯಾದ ಕಾನೂನು" ಎಂದು ಕುರ್ಚಿಗೆ ಒರಗಿಕೊಂಡರು. ಎಲ್ಲ ಮುಗಿಯಿತೆಂದು ಅತ್ತೆ, ಹೆಂಡತಿ, ಮಗಳು ಮೂವರೂ ಸಿಕ್ಕಿದ್ದರ ಮೇಲೆ ಕುಸಿದು ಕೂತರು. ಮೂರು ದಿನದ ನಿಲುವು, ಪಾಪ.

ಆಮೇಲೆ ಶುರುವಾಯಿತು. ಮೇಡಂಗೆ ಬಾಯಾರಿತು, ಸಾಹೇಬರು ಎದ್ದು ನೀರು ತಂದರು. ಫ್ಯಾನಿನ ಗಾಳಿ ದೊರೆಸಾನಿಯ ಕಿವಿಗೆ ಬಡಿಯುತ್ತಿತ್ತು, ಎದ್ದು ಕಡಿಮೆ ಮಾಡಿದರು. ಸೆಖೆಯಾಯಿತು, ಎದ್ದು ಹೆಚ್ಚು ಮಾಡಿದರು. ಬಿಸಿಲು ಕಣ್ಣಿಗೆ ಬಿತ್ತು, ಪರದೆ ಎಳೆದರು. ಮೇಡಂ ಬೆನ್ನಿಗೆ ದಿಂಬು, ಅತ್ತೆಗೆ ಮಾತ್ರೆ, ಅತ್ತೆಯ ಮಾತ್ರೆಗೆ ನೀರು. ಮೇಡಂ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು, ಇಡಲು ಜಾಗವಿಲ್ಲ, ಎದ್ದು ಅದನ್ನು ಇಸಿದುಕೊಂಡು ಮೇಜಿನ ಮೇಲಿಟ್ಟರು. ಡ್ರೈವರು ಬಂದು ಇನ್ನೆಷ್ಟು ಹೊತ್ತು ಎಂದು ಕೇಳಿದ, ಎದ್ದು ಬಾಗಿಲು ತೆಗೆದರು. ಟೈಲರು ಬಂದ, "ಪ್ಯಾಂಟು ಕೆಲಸ ಮಾಡ್ತಾ ಸಾರ್?" ಎಂದು ಗಟ್ಟಿಯಾಗಿ ಕೇಳಿದ, ಒಳಗೆ ಬಂದು ಅಲ್ಲೇ ನಿಂತ. ಎರಡು ಗಂಟೆಯಾದ ಮೇಲೆ ದೊರೆಸಾನಿ ಬಿಲ್ಲಿನ ಹಾಗೆ ಮೈ ಮುರಿದು, ಕೆಳಗಿಳಿದು ಒಳಗೆ ಹೋಯಿತು.

ದೊಡ್ಡ ಮೇಡಂ ಕೆಟ್ಟವರಲ್ಲ. ದನಿ ತಗ್ಗಿಸಿಯೇ ಹೇಳಿದರು. "ಎರಡು ಗಂಟೇಲಿ ನೀವು ಹತ್ತೊಂಬತ್ತು ಸಲ ಎದ್ರಿ. ನಾನು ಎಣಿಸಿದೆ, ಅಭ್ಯಾಸ ಬಲ. ತಕ್ಕಡಿ ಕೊಠಡೀಲಿ ಹತ್ತೊಂಬತ್ತು ಸಲ ಎದ್ರೆ ಮುಳ್ಳು ಯಾವ ಕಾಲಕ್ಕೆ ನಿಲ್ಲುತ್ತೆ ಹೇಳಿ? ನೀವು ಓಡಾಡೋ ಮನುಷ್ಯ. ಓಡಾಡ್ಕೊಂಡಿರಿ."

ಸಾಹೇಬರು "ಹೂಂ ಮೇಡಂ" ಎಂದರು.

ಎರಡು ಗಂಟೆ ಕೂತು ಕಾಲು ಮರಗಟ್ಟಿದ್ದರಿಂದ ಮೇಡಂ ಕುಂಟುತ್ತಿದ್ದರು. ಅವರನ್ನು ಹಿಡಿದುಕೊಂಡು ಹೆಂಡತಿ ಮತ್ತು ಮಗಳು ಕೆಳಗಿಳಿದರು. ಆರು ವರ್ಷದಿಂದ ಮೆಟ್ಟಿಲಿಳಿಯದ ಅತ್ತೆಯೂ, ಕಾರಿನ ತನಕ ಹೋಗಿ ಏನಾದರೂ ಒಂದು ಮಾತು ಹೇಳಿ ನೋಡುತ್ತೇನೆಂದು ಟಕಟಕ ಇಳಿದರು. ಕೊನೆಗೆ ಹೊರಟ ಟೈಲರು ಮರ್ಯಾದೆಯ ಮನುಷ್ಯ, ಬಾಗಿಲನ್ನು ಎಳೆದುಕೊಂಡು ಹೋದ. ಎಳೆದರೆ ತಾನೇ ಬೀಳುವ ಬೀಗ, ಕೀಲಿಕೈ ಒಳಗಿನ ಮೊಳೆಯ ಮೇಲೆ.

ಸಾಹೇಬರು ಕುರ್ಚಿಯಲ್ಲಿ ಕುಸಿದರು. ಇನ್ನು ಮೂರು ವರ್ಷ. ಇನ್ನೂ ಎಷ್ಟು ಅಂಗಡಿ, ಎಷ್ಟು ಮೆಟ್ಟಿಲು. ಕಾಲು ಎಂಬುದು ದೇಹದಲ್ಲಿ ಯಾಕಾದರೂ ಇದೆಯೋ ಎನಿಸಿತು. ನೀರು ಕುಡಿಯಬೇಕೆನಿಸಿತು, ಆದರೆ ತಮಗಾಗಿ ಏಳುವುದಕ್ಕೆ ಮೈಯಲ್ಲಿ ಶಕ್ತಿ ಇರಲಿಲ್ಲ. ಹಾಗೇ ಕಣ್ಣು ಮುಚ್ಚಿ ಕೈ ಇಳಿಬಿಟ್ಟು ಕೂತರು.

ಆಗ ತೊಡೆಯ ಮೇಲೆ ಏನೋ ಬಿತ್ತು.

ಕಣ್ಣು ತೆರೆದರೆ ದೊರೆಸಾನಿ. ಎರಡು ಸುತ್ತು ತಿರುಗಿ, ಬಾಲವನ್ನು ಮೂಗಿನ ಮೇಲೆಳೆದುಕೊಂಡು, ಏನೂ ಆಗಿಲ್ಲವೆಂಬಂತೆ ಮಲಗಿತು. ಸ್ವಲ್ಪ ಹೊತ್ತಿಗೆ ಗುರುಗುರು ಎಂದು ಶುರುವಾಯಿತು. ಆ ಸದ್ದನ್ನು ಆರು ವರ್ಷದಿಂದ ಬೇರೆಯವರ ತೊಡೆಯ ಮೇಲೆ ಕೇಳಿದ್ದರು. ಅದು ಮೂಳೆಯೊಳಗೆ ಹೀಗೆ ಇಳಿಯುತ್ತದೆ ಎಂದು ಗೊತ್ತಿರಲಿಲ್ಲ. ಸಾಹೇಬರಿಗೆ ತಡೆಯಲಾರದಷ್ಟು ಸಂತೋಷವಾಯಿತು. ಕೂಡಲೇ ಯಾರನ್ನಾದರೂ ಕರೆಯಬೇಕೆನಿಸಿತು. ಮನೆಯಲ್ಲಿ ಯಾರೂ ಇರಲಿಲ್ಲ.

ಹತ್ತು ನಿಮಿಷ ಕಳೆದಿರಬಹುದು, ಹದಿನೈದಿರಬಹುದು. ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಬಾಗಿಲು ಬಡಿಯಿತು.

"ರೀ, ಬಾಗಿಲು ತೆಗೀರಿ! ಮೇಡಂ ಕನ್ನಡಕ ಮರೆತಿದ್ದಾರೆ."

ಸಾಹೇಬರ ಎದೆ ಹಾರಿತು. ಮೇಡಂ! ಬಾಗಿಲ ಆಚೆಗೇ! ಒಂದು ಸಲ ಒಳಗೆ ಬಂದು ಕಣ್ಣಾರೆ ನೋಡಿದರೆ ಸಾಕು. ಆದರೆ ಅವರು ಒಳಗೆ ಬರಬೇಕಾದರೆ ಇವರು ಎದ್ದು ಬಾಗಿಲು ತೆಗೆಯಬೇಕು. ಇವರು ಎದ್ದರೆ ನೋಡಲು ಏನೂ ಉಳಿಯುವುದಿಲ್ಲ. ಕೂಗಿ ಹೇಳೋಣವೆಂದರೆ ಕೂಗಿಗೆ ದೊರೆಸಾನಿ ಎಚ್ಚರವಾಗುತ್ತದೆ.

"ಬೆಕ್ಕು ಕೂತಿದೆ" ಎಂದು ಪಿಸುಗುಟ್ಟಿದರು.

"ಏನಂದ್ರು?" ಎಂದರು ಆಚೆಗೆ ಅತ್ತೆ.

"ಏನೋ ಉಸುರಿದ ಹಾಗಾಯ್ತು. ಅಳ್ತಿದ್ದಾರೆ ಅನ್ಸುತ್ತೆ" ಎಂದಳು ಹೆಂಡತಿ, ಗಾಬರಿಯಿಂದ. ಮಗಳು ಕೀಲಿಕಂಡಿಗೆ ಕಣ್ಣಿಟ್ಟು, "ಅಪ್ಪನ ಒಂದು ಮಂಡಿ ಕಾಣಿಸ್ತಿದೆ. ಅಲ್ಲಾಡ್ತಾ ಇಲ್ಲ" ಎಂದಳು.

"ಬೆಕ್ಕು ಕೂತಿದೆ" ಎಂದರು ಸಾಹೇಬರು, ಈ ಸಲ ಒಂದಿಷ್ಟು ಗಟ್ಟಿಯಾಗಿ.

"ಇನ್ನೂ ಅದನ್ನೇ ಹೇಳ್ತಿದ್ದಾರಲ್ಲಮ್ಮ, ತಲೆಗೆ ಹತ್ತಿಬಿಟ್ಟಿದೆ" ಎಂದರು ಅತ್ತೆ. ಅಕ್ಕಪಕ್ಕದ ಬಾಗಿಲುಗಳು ತೆರೆದ ಸದ್ದು, ಏನಾಯ್ತು ಏನಾಯ್ತು ಎಂಬ ದನಿಗಳು. ತಲೆ ಸುತ್ತಿ ಬಿದ್ದಿದ್ದಾರೆ ಎಂದು ಒಬ್ಬರು, ಅದು ಆಘಾತ ಎಂದು ಇನ್ನೊಬ್ಬರು. "ಸರಿದು ನಿಲ್ಲಿ, ಸರಿದು ನಿಲ್ಲಿ" ಎನ್ನುತ್ತ ಟೈಲರು ತನ್ನ ಕಬ್ಬಿಣದ ಅಡಿಪಟ್ಟಿ ತಂದ. ಅದನ್ನು ಬಾಗಿಲ ಸಂದಿಗೆ ತೂರಿಸಿ ಬೀಗದ ನಾಲಿಗೆಯನ್ನು ಮೀಟತೊಡಗಿದ. ಮೀಟು, ಕಿರ್ರ್, ಮೀಟು, ಕಿರ್ರ್. ದೊರೆಸಾನಿಯ ಒಂದು ಕಿವಿ ತಿರುಗಿತು. ಸಾಹೇಬರು ಅದರ ಬೆನ್ನ ಮೇಲೆ ಹಗುರಾಗಿ ಕೈಯಿಟ್ಟು, ಬೇಡ ತಾಯಿ, ಒಂದೇ ಒಂದು ನಿಮಿಷ, ಎಂದು ಮನಸ್ಸಿನಲ್ಲೇ ಬೇಡಿಕೊಂಡರು.

ಧಡಾರ್ ಎಂದು ಬಾಗಿಲು ತೆರೆದು ಗೋಡೆಗೆ ಬಡಿಯಿತು. ಹನ್ನೊಂದು ಜನ ಒಟ್ಟಿಗೆ ಒಳಗೆ ನುಗ್ಗಿದರು. ಆ ಹೊತ್ತಿಗೆ ದೊರೆಸಾನಿ ಮಂಚದ ಕೆಳಗಿತ್ತು. ಕುರ್ಚಿಯಲ್ಲಿ ಸಾಹೇಬರಿದ್ದರು, ಕಡುಗೆಂಪು ಮಖಮಲ್ಲಿನ ಮೇಲೆ ಎರಡೂ ಕೈಗಳನ್ನು ಗಾಳಿಯಲ್ಲಿ ಬಟ್ಟಲಿನ ಹಾಗೆ ಹಿಡಿದುಕೊಂಡು.

"ಕೂತಿತ್ತು" ಎಂದರು. "ಈಗ ತಾನೇ. ಕೂತಿತ್ತು."

ಹೆಂಡತಿ ಹತ್ತಿರ ಬಂದು ಹಣೆ ಮುಟ್ಟಿ ನೋಡಿದಳು. "ಆಯ್ತು ಬಿಡಿ, ಕೂತಿತ್ತು. ಈಗ ಏಳಿ, ಸ್ವಲ್ಪ ಮಲಗಿ" ಎಂದಳು. ಅವಳು ನಂಬಲಿಲ್ಲವೆಂದು ಸಾಹೇಬರಿಗೆ ಗೊತ್ತಾಯಿತು. ಏಳಲು ಹೋದರು, ಆಗಲಿಲ್ಲ. ಕಾಲು ಮರಗಟ್ಟಿ ಅವರ ಮಾತು ಕೇಳಲಿಲ್ಲ.

ದೊಡ್ಡ ಮೇಡಂ ಕುಂಟುತ್ತ ಮುಂದೆ ಬಂದರು. ಮೇಜಿನ ಮೇಲಿದ್ದ ಕನ್ನಡಕ ಹಾಕಿಕೊಂಡು ಸಾಹೇಬರನ್ನು ಚೆನ್ನಾಗಿ ನೋಡಿದರು. "ಯಾವ ಕಡೆ ಭಾರ ಜಾಸ್ತಿ?" ಎಂದರು.

"ಎಡಗಡೆ ಮೇಡಂ" ಎಂದರು ಸಾಹೇಬರು ಯೋಚಿಸದೆ.

"ಎಷ್ಟು ಜಾಸ್ತಿ?"

"ಮುಕ್ಕಾಲು ಪಾಲು ಎಡಕ್ಕೇ ಬೀಳುತ್ತೆ. ತಲೆ, ಎದೆ ಎಲ್ಲಾ ಆ ಕಡೆ ಹಾಕುತ್ತೆ. ಬಲಕ್ಕೆ ಹಿಂಗಾಲು ಮಾತ್ರ. ಅದೂ ಆಗಾಗ ಜಾರುತ್ತೆ, ಆಗ ಉಗುರು ಊರುತ್ತೆ."

ಮೇಡಂ ತಮ್ಮ ಎಡ ತೊಡೆಯನ್ನು ಉಜ್ಜಿಕೊಂಡರು. "ಹೌದು" ಎಂದರು. "ಸರಿಯಾಗಿ ಹಾಗೇ. ಕೂತಿತ್ತು ರೀ, ಇವರ ಮೇಲೆ ಕೂತಿತ್ತು. ಕೂರಿಸಿಕೊಳ್ಳದವರಿಗೆ ಇದು ಗೊತ್ತಾಗಲ್ಲ."

ಸಾಹೇಬರ ಕಣ್ಣು ತುಂಬಿತು. ಟೈಲರು ಚಪ್ಪಾಳೆ ತಟ್ಟಿದ. ಅತ್ತೆ, "ಹಾಗಾದ್ರೆ ಆ ಕುರ್ಚಿ..." ಎಂದು ಶುರುಮಾಡಿದರು.

"ಅದು ಆಗಿಹೋಯ್ತಮ್ಮ" ಎಂದರು ಮೇಡಂ, ನೆಲ ನೋಡುತ್ತ. "ಕಾರಲ್ಲಿ ಕೂತ ತಕ್ಷಣ ಮೇಲಿನವರಿಗೆ ಫೋನ್ ಮಾಡಿ ಗುಂಡುಸೂಜಿ ಹೆಸರು ಹೇಳಿಬಿಟ್ಟೆ. ಆಮೇಲೆ ಕನ್ನಡಕ ನೆನಪಾಯ್ತು." ಹಾಗೆಂದು ಸಾಹೇಬರ ಕಡೆ ತಿರುಗಿ, "ಇವರ ಮುಖ ಬಾಡಿಹೋಗಿದೆ. ನೀವು ಏಳ್ಬೇಡಿ, ನಾನೇ ಒಂದು ಲೋಟ ನೀರು ತರ್ತೀನಿ" ಎಂದು ಅಡಿಗೆಮನೆಯ ಕಡೆ ಕುಂಟಿಕೊಂಡು ಹೊರಟರು.

ಇಪ್ಪತ್ತೆರಡು ವರ್ಷದಲ್ಲಿ ಸಾಹೇಬರಿಗಾಗಿ ಯಾರಾದರೂ ನೀರು ತರಲು ಹೋದದ್ದು ಅದೇ ಮೊದಲು, ಅದೂ ಇಲಾಖೆಯ ಮುಖ್ಯಸ್ಥೆ. ಸಾಹೇಬರು ಕುರ್ಚಿಯಲ್ಲಿ ನೆಟ್ಟಗೆ ಕೂತು, ಅಡಿಗೆಮನೆಯ ಬಾಗಿಲನ್ನೇ ನೋಡುತ್ತ ಕಾದರು. ಒಳಗೆ ಪಾತ್ರೆ ಸರಿಸಿದ ಸದ್ದು, ಕಪಾಟಿನ ಬಾಗಿಲು ತೆರೆದು ಮುಚ್ಚಿದ ಸದ್ದು ಕೇಳಿಸಿತು. "ಲೋಟ ಎಲ್ಲಿಟ್ಟಿದ್ದೀರಿ?" ಎಂದು ಮೇಡಂ ಕೂಗಿದರು.

ಅಷ್ಟರಲ್ಲಿ ಮೂವರೂ ಮತ್ತೆ ಕೂತಾಗಿತ್ತು. ಹೆಂಡತಿ ಏಳಲಿಲ್ಲ. ದೊರೆಸಾನಿ ಮಂಚದ ಕೆಳಗಿನಿಂದ ಬಂದು ಅವಳನ್ನೇ ನೋಡುತ್ತಿತ್ತು, ಬರುವ ಯೋಚನೆಯಲ್ಲಿತ್ತು. ಮಗಳು ಏಳಲಿಲ್ಲ. ಅತ್ತೆ ಆಗಲೇ ಸೆರಗು ಸರಿಮಾಡಿಕೊಂಡು ತೊಡೆ ಸಿದ್ಧ ಮಾಡಿದ್ದರು.

"ಅಳಿಯಂದಿರೇ," ಎಂದರು, "ಮೇಡಂಗೆ ಪಾಪ ಗೊತ್ತಾಗ್ತಿಲ್ಲ. ಲೋಟ ಎಲ್ಲಿದೆ ಅಂತ ಎದ್ದು ಹೋಗಿ ಸ್ವಲ್ಪ ತೋರಿಸಿ."

ಸಾಹೇಬರು ಎಡಗಾಲನ್ನು ಎರಡೂ ಕೈಯಿಂದ ಎತ್ತಿ ನೆಲಕ್ಕೆ ಊರಿದರು. ಅಂಗಾಲಿನಿಂದ ಸೊಂಟದ ತನಕ ಜುಮ್ಮೆಂದಿತು. "ಬಂದೆ ಮೇಡಂ" ಎಂದು ಗೋಡೆ ಹಿಡಿದುಕೊಂಡು ಎದ್ದರು.